ಎಂಟು ಡ್ರಾಗಳ ಆಸೆ: ಬ್ರಿಟನ್ನಿನ ಫುಟ್‌ಬಾಲ್ ಪೂಲ್ಸ್

ಫುಟ್‌ಬಾಲ್ ಪಂದ್ಯದ ಮೇಲೆ ಹಣ ಕಟ್ಟುವ ಕ್ರಮಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಬುಕಿ ಮುಂಚಿತವಾಗಿ ದರ ಹೇಳುತ್ತಾನೆ. ಒಂದಕ್ಕೆ ಏಳು ಎಂದರೆ ಗೆದ್ದವನಿಗೆ ಅಷ್ಟನ್ನೂ ತನ್ನ ಜೇಬಿನಿಂದಲೇ ಕೊಡಬೇಕು. ಸೋತವನ ಹಣ ಬುಕಿಗೇ. ಎರಡನೆಯದರಲ್ಲಿ ಎಲ್ಲರ ಹಣವೂ ಒಂದೇ ಗಂಟಿಗೆ ಸೇರುತ್ತದೆ. ನಡೆಸುವವರು ತಮ್ಮ ಪಾಲನ್ನು ಮೊದಲೇ ಮುರಿದುಕೊಳ್ಳುತ್ತಾರೆ, ಮಿಕ್ಕದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಗೆದ್ದವರು ಎಷ್ಟು ಮಂದಿ ಎಂದು ತಿಳಿಯುವ ತನಕ ತಲೆಗೆ ಎಷ್ಟು ಬಂತು ಎಂಬುದು ಯಾರಿಗೂ ಗೊತ್ತಾಗದು. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಬುಕಿಗಳ ಸಾಲನ್ನೂ ಟೋಟ್ ಕಿಟಕಿಗಳನ್ನೂ ನೋಡಿದವರಿಗೆ ಈ ವ್ಯತ್ಯಾಸ ಹೊಸದಲ್ಲ. ಎರಡನೆಯ ಕ್ರಮವನ್ನು ಫುಟ್‌ಬಾಲ್‌ಗೆ ಅಳವಡಿಸಿದ್ದೇ ಬ್ರಿಟನ್ನಿನ ಪೂಲ್ಸ್. 1920ರ ದಶಕದಿಂದ 1990ರ ದಶಕದವರೆಗೆ ಅದು ಅಲ್ಲಿನ ಕಾರ್ಮಿಕ ಕುಟುಂಬಗಳ ವಾರದ ಕೆಲಸಗಳಲ್ಲಿ ಒಂದಾಗಿತ್ತು. ತಾವು ಜೂಜಾಡುತ್ತಿದ್ದೇವೆ ಎಂದು ಆ ಕುಟುಂಬಗಳಲ್ಲಿ ಹೆಚ್ಚಿನವರಿಗೆ ಅನಿಸುತ್ತಲೇ ಇರಲಿಲ್ಲ. ಇದಕ್ಕೆ ಕಾರಣ ಹುಡುಕುತ್ತ ಹೋದರೆ ಇಂಗ್ಲೆಂಡಿನ ಕಾನೂನಿನಲ್ಲಿದ್ದ ಒಂದು ತಾರತಮ್ಯದ ಬಳಿಗೆ ಬಂದು ನಿಲ್ಲಬೇಕಾಗುತ್ತದೆ.

1853ರ ಕಾಯ್ದೆ ನಗದು ಹಣಕ್ಕೆ ಬಾಜಿ ಪಡೆಯುವ ಅಂಗಡಿಗಳನ್ನು ಮುಚ್ಚಿಸಿತ್ತು. 1906ರ ಕಾಯ್ದೆ ಬೀದಿಯಲ್ಲಿ ನಿಂತು ಬಾಜಿ ಪಡೆಯುವುದನ್ನೂ ಅಪರಾಧವಾಗಿಸಿತು. ಆದರೆ ಸಾಲದ ಮೇಲೆ ಬಾಜಿ ಕಟ್ಟುವುದಕ್ಕೆ ಅಡ್ಡಿಯಿರಲಿಲ್ಲ. ಬ್ಯಾಂಕ್ ಖಾತೆಯುಳ್ಳ ಶ್ರೀಮಂತ ತನ್ನ ಬುಕ್‌ಮೇಕರ್‌ಗೆ ತಂತಿ ಕಳಿಸಿ ಕುದುರೆಯ ಮೇಲೆ ನೂರು ಪೌಂಡ್ ಕಟ್ಟಿದರೆ ಅದು ನ್ಯಾಯಸಮ್ಮತ. ಗಿರಣಿಯ ಕೂಲಿ ಮೂಲೆಯಲ್ಲಿ ನಿಂತವನ ಕೈಗೆ ಆರು ಪೆನ್ನಿ ಕೊಟ್ಟರೆ ಪೊಲೀಸರು ಹಿಡಿಯುತ್ತಿದ್ದರು. ಬಡವರನ್ನು ಅವರ ದೌರ್ಬಲ್ಯದಿಂದ ಕಾಪಾಡುವುದು ಇದರ ಉದ್ದೇಶ ಎಂದು ಶಾಸಕರೂ, 1890ರಲ್ಲಿ ಹುಟ್ಟಿದ ರಾಷ್ಟ್ರೀಯ ಜೂಜು ವಿರೋಧಿ ಲೀಗ್‌ನವರೂ ಹೇಳುತ್ತಿದ್ದರು. ಕಾಪಾಡಿಸಿಕೊಳ್ಳಬೇಕಾದವರು ಮಾತ್ರ ಗಿರಣಿಗಳಲ್ಲೂ ಪಬ್ಬುಗಳಲ್ಲೂ ಗುಟ್ಟಾಗಿ ಚೀಟಿ ಬರೆಸುವುದನ್ನು ಬಿಡಲಿಲ್ಲ.

ಫುಟ್‌ಬಾಲ್ ಲೀಗ್ ಆರಂಭವಾದದ್ದು 1888ರಲ್ಲಿ. ಪ್ರತಿ ಶನಿವಾರ ಮಧ್ಯಾಹ್ನ ಊರೂರುಗಳಲ್ಲಿ ಏಕಕಾಲಕ್ಕೆ ನಡೆಯುವ, ಪಟ್ಟಿ ಮೊದಲೇ ಅಚ್ಚಾಗಿರುವ ಪಂದ್ಯಗಳು ಬಾಜಿಗೆ ಹೇಳಿ ಮಾಡಿಸಿದಂತಿದ್ದವು. ಪತ್ರಿಕೆಗಳು ಫಲಿತಾಂಶ ಊಹಿಸುವ ಸ್ಪರ್ಧೆ ನಡೆಸಿದವು. ಬುಕಿಗಳು ದರ ಅಚ್ಚುಹಾಕಿದ ಕೂಪನ್‌ಗಳನ್ನು ಕೈಯಿಂದ ಕೈಗೆ ದಾಟಿಸಿದರು. ಈ ಹಣ ಆಟಗಾರರನ್ನೂ ಮುಟ್ಟಿತು. 1915ರ ಏಪ್ರಿಲ್ 2, ಗುಡ್ ಫ್ರೈಡೆಯಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಲಿವರ್‌ಪೂಲ್ ತಂಡವನ್ನು 2-0 ಅಂತರದಲ್ಲಿ ಸೋಲಿಸಿತು. ಸರಿಯಾಗಿ ಅದೇ ಅಂತರಕ್ಕೆ, ಒಂದಕ್ಕೆ ಏಳರ ದರದಲ್ಲಿ, ಬುಕಿಗಳು ಹುಬ್ಬೇರಿಸುವಷ್ಟು ಹಣ ಮೊದಲೇ ಬಂದು ಬಿದ್ದಿತ್ತು. ವಿಚಾರಣೆಯಲ್ಲಿ ಪಂದ್ಯ ಮೊದಲೇ ನಿಗದಿಯಾಗಿತ್ತೆಂದು ಗೊತ್ತಾಗಿ ಎರಡೂ ತಂಡಗಳಿಂದ ಒಟ್ಟು ಏಳು ಆಟಗಾರರಿಗೆ ಆಜೀವ ನಿಷೇಧ ಬಿತ್ತು. ಕೊನೆಯವರೆಗೂ ತಪ್ಪೊಪ್ಪದ ಎನೋಕ್ ವೆಸ್ಟ್‌ನ ನಿಷೇಧ ತೆರವಾದದ್ದು 1945ರಲ್ಲಿ, ಆತ ಮುದುಕನಾಗುವ ಹೊತ್ತಿಗೆ. ಬಾಜಿಯ ಹೆಸರೆತ್ತಿದರೆ ಲೀಗ್‌ನ ಆಡಳಿತಗಾರರು ಮುಂದೆ ದಶಕಗಳ ಕಾಲ ಸಿಡುಕಿದ್ದರ ಹಿಂದೆ ಈ ನೆನಪಿತ್ತು.

1920ರಲ್ಲಿ ಸಂಸತ್ತು ಫುಟ್‌ಬಾಲ್‌ಗೇ ಒಂದು ಪ್ರತ್ಯೇಕ ಕಾಯ್ದೆ ತಂದು ನಗದು ಬಾಜಿಯ ಕೂಪನ್‌ಗಳನ್ನು ನಿಷೇಧಿಸಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅದಾಗಲೇ ಜಾನ್ ಜರ್ವಿಸ್ ಬರ್ನಾರ್ಡ್ ಎಂಬಾತ ದರದ ಗೊಡವೆ ಬಿಟ್ಟು, ಗಂಟು ಕೂಡಿಸಿ ಹಂಚುವ ಪದ್ಧತಿಯನ್ನು ಹೇಗೋ ಕುಂಟುತ್ತ ನಡೆಸುತ್ತಿದ್ದ. ಆತನ ಕೂಪನ್ ಒಂದು ಜಾನ್ ಮೂರ್ಸ್‌ನ ಕೈಗೆ ಸಿಕ್ಕಿತು. ಮೂರ್ಸ್, ಕಾಲಿನ್ ಆಸ್ಕಮ್, ಬಿಲ್ ಹ್ಯೂಸ್ ಮೂವರೂ ಕಮರ್ಷಿಯಲ್ ಕೇಬಲ್ ಕಂಪನಿಯ ನೌಕರರು, ಗೆಳೆಯರು. ತಲಾ 50 ಪೌಂಡ್ ಹಾಕಿ 1923ರಲ್ಲಿ ಲಿವರ್‌ಪೂಲ್‌ನಲ್ಲಿ ವ್ಯವಹಾರ ತೆರೆದರು. ನೌಕರಿ ಮಾಡುತ್ತ ಹೊರಗೆ ದುಡಿಯುವುದನ್ನು ಕಂಪನಿ ಒಪ್ಪುತ್ತಿರಲಿಲ್ಲವಾದ್ದರಿಂದ ತಮ್ಮ ಹೆಸರು ಹಾಕುವಂತಿರಲಿಲ್ಲ. ದತ್ತು ಹೋಗುವ ಮುನ್ನ ಆಸ್ಕಮ್‌ಗಿದ್ದ ಮನೆತನದ ಹೆಸರನ್ನು ಎತ್ತಿಕೊಂಡು ಲಿಟಲ್‌ವುಡ್ಸ್ ಎಂದು ಕರೆದರು. ಓಲ್ಡ್ ಟ್ರಾಫರ್ಡ್‌ನ ಹೊರಗೆ ಹುಡುಗರ ಕೈಯಲ್ಲಿ 4,000 ಕೂಪನ್ ಹಂಚಿಸಿದರೆ ತುಂಬಿ ಬಂದದ್ದು 35. ಒಟ್ಟು ಬಾಜಿ 4 ಪೌಂಡ್ 7 ಶಿಲ್ಲಿಂಗ್ 6 ಪೆನ್ನಿ. ಹಲ್ ಪಟ್ಟಣದಲ್ಲಿ 10,000 ಹಂಚಿದಾಗ ಒಂದೇ ಒಂದು ವಾಪಸಾಯಿತು. ಹೀಗೆ ಒಟ್ಟು 600 ಪೌಂಡ್ ಕರಗಿತು. ಗೆಳೆಯರಿಬ್ಬರೂ ಕೈಬಿಟ್ಟರು, ಅವರು ಕಳೆದುಕೊಂಡಿದ್ದ ತಲಾ 200 ಪೌಂಡ್ ಕೊಟ್ಟು ಮೂರ್ಸ್ ಪಾಲು ಬರೆಸಿಕೊಂಡ. 1930ರ ದಶಕದ ಆರಂಭಕ್ಕೆ ಆತ ಲಕ್ಷಾಧೀಶನ ಮಟ್ಟ ದಾಟಿ ಹತ್ತು ಲಕ್ಷ ಪೌಂಡಿನ ಒಡೆಯನಾಗಿದ್ದ.

ನಗದು ಬಾಜಿ ನಿಷಿದ್ಧವಾಗಿದ್ದಾಗ ಇದು ನಡೆದದ್ದಾದರೂ ಹೇಗೆ? ಕೂಪನ್ ತುಂಬಿ ಅಂಚೆಗೆ ಹಾಕುವಾಗ ಗಿರಾಕಿ ಹಣ ಕಳಿಸುತ್ತಿರಲಿಲ್ಲ. ಕಟ್ಟಬೇಕಾದ ಮೊತ್ತವನ್ನು ಮುಂದಿನ ವಾರ ಕಳಿಸುತ್ತೇನೆಂದು ಬರೆದು ಸಹಿ ಮಾಡುತ್ತಿದ್ದ. ಪಂದ್ಯ ಮುಗಿದ ಮೇಲೆ, ಮರುವಾರದ ಕೂಪನ್‌ನ ಜೊತೆ ಹಿಂದಿನ ವಾರದ ಬಾಕಿಗೆ ಪೋಸ್ಟಲ್ ಆರ್ಡರ್ ಬರುತ್ತಿತ್ತು. ಅಂದರೆ ಕಾನೂನಿನ ಕಣ್ಣಲ್ಲಿ ಇದು ಸಾಲದ ಬಾಜಿ, ತಂತಿ ಕಳಿಸುವ ಶ್ರೀಮಂತನದ್ದು ಹೇಗೋ ಹಾಗೆಯೇ. ಪೊಲೀಸರು ಮೊಕದ್ದಮೆ ಹೂಡಿ ಕೆಳ ನ್ಯಾಯಾಲಯದಲ್ಲಿ ಗೆದ್ದರೂ ಮೇಲ್ಮನವಿಯಲ್ಲಿ ಮೂರ್ಸ್ ಪಾರಾದ. ಶ್ರೀಮಂತರಿಗೆಂದು ಬಿಟ್ಟಿದ್ದ ಸಂದಿಯಲ್ಲಿ ಕಾರ್ಮಿಕರನ್ನೆಲ್ಲ ನುಗ್ಗಿಸಿದ್ದು ಆತನ ನಿಜವಾದ ಜಾಣತನ. ಕೂಪನ್‌ನ ವಿನ್ಯಾಸವಾಗಲಿ ಬಹುಮಾನದ ಗಾತ್ರವಾಗಲಿ ಅದರ ಮುಂದೆ ಸಣ್ಣ ಮಾತು.

ಅಂಚೆಯಿಂದಾಗಿ ಇನ್ನೊಂದು ಪರಿಣಾಮವೂ ಆಯಿತು. ಮೂಲೆಯ ಬುಕಿಯ ಬಳಿ ಹೋಗಲು ನಾಚುತ್ತಿದ್ದ ಗೃಹಿಣಿ, ಅಡುಗೆಮನೆಯ ಮೇಜಿನ ಮೇಲೆ ಗಂಡ ಮಕ್ಕಳ ಜೊತೆ ಕೂತು ಕೂಪನ್ ತುಂಬಬಹುದಾಗಿತ್ತು. ಎಷ್ಟೋ ಮನೆಗಳಲ್ಲಿ ಅಂಚೆಯಣ್ಣ ತರುತ್ತಿದ್ದ ಕಾಗದವೆಂದರೆ ಇದೊಂದೇ. ವರ್ನನ್ಸ್, ಜೆಟರ್ಸ್ ಮುಂತಾದ ಸ್ಪರ್ಧಿ ಕಂಪನಿಗಳು ಎದ್ದವು. ಲಿವರ್‌ಪೂಲ್ ಈ ಉದ್ಯಮದ ರಾಜಧಾನಿಯಾಯಿತು. ಬಂದರಿನ ಕೆಲಸ ಕುಸಿದಿದ್ದ ಆ ಊರಿನಲ್ಲಿ ಸಾವಿರಾರು ಯುವತಿಯರು ಕೂಪನ್ ತಾಳೆ ನೋಡುವ ಕೆಲಸಕ್ಕೆ ಸೇರಿದರು. ಉದ್ದನೆಯ ಮೇಜುಗಳ ಸಾಲು, ಮುಂದೆ ಕಟ್ಟು ಕಟ್ಟು ಕಾಗದ, ಬೆನ್ನ ಹಿಂದೆ ಮೇಲ್ವಿಚಾರಕಿ: ಕಾರ್ಖಾನೆಯ ಶಿಸ್ತೇ ಅಲ್ಲಿತ್ತು. ಮೋಸ ತಡೆಯುವ ಏರ್ಪಾಡುಗಳನ್ನು ಮೂರ್ಸ್‌ನ ತಮ್ಮ ಸೆಸಿಲ್ ರೂಪಿಸಿದ. 1930ರ ದಶಕದ ಕೊನೆಗೆ ಪೂಲ್ಸ್ ಆಡುವವರ ಸಂಖ್ಯೆ ಸುಮಾರು ಒಂದು ಕೋಟಿ ಮುಟ್ಟಿತ್ತೆಂಬ ಅಂದಾಜಿದೆ.

ಇಷ್ಟು ಹಣ ತಮ್ಮ ಪಂದ್ಯಗಳ ಹೆಸರಿನಲ್ಲಿ ಓಡಾಡುತ್ತಿದ್ದರೂ ಫುಟ್‌ಬಾಲ್ ಕ್ಲಬ್ಬುಗಳಿಗೆ ಚಿಕ್ಕಾಸೂ ಸಿಗುತ್ತಿರಲಿಲ್ಲ. ಪಂದ್ಯಗಳ ಪಟ್ಟಿಗೆ ಹಕ್ಕುಸ್ವಾಮ್ಯ ಸಾಧಿಸಿ ಶುಲ್ಕ ಕೇಳಬಹುದು ಎಂದು ಲಿವರ್‌ಪೂಲ್‌ನ ಲೆಕ್ಕಿಗನೊಬ್ಬ ಲೀಗ್‌ಗೆ ಸೂಚಿಸಿದ. ಕೆಲವರಿಗೆ ಆ ಹಣ ಬೇಕಿತ್ತು. ಲೀಗ್‌ನ ಆಡಳಿತಗಾರ ಚಾರ್ಲ್ಸ್ ಸಟ್‌ಕ್ಲಿಫ್‌ನಂಥ ಹಳೆಯ ತಲೆಗಳಿಗೆ ಪೂಲ್ಸ್ ಸಾಯಬೇಕಿತ್ತು. 1936ರಲ್ಲಿ ಲೀಗ್ ಒಂದು ವಿಲಕ್ಷಣ ಉಪಾಯ ಹೂಡಿತು. ಅಚ್ಚಾಗಿದ್ದ ಪಟ್ಟಿಯನ್ನೇ ರದ್ದುಮಾಡಿ, ಶನಿವಾರ ಯಾರ ಎದುರಾಳಿ ಯಾರು ಎಂಬುದನ್ನು ಶುಕ್ರವಾರದವರೆಗೆ ಗುಟ್ಟಾಗಿಡುವುದು. ಪಟ್ಟಿಯಿಲ್ಲದೆ ಕೂಪನ್ ಅಚ್ಚಾಗದು ಎಂಬುದು ಲೆಕ್ಕ. ಆದರೆ ನಾಳೆ ಯಾವ ತಂಡ ಬರುತ್ತದೆಂದೇ ತಿಳಿಯದ ಪ್ರೇಕ್ಷಕ ಮೈದಾನಕ್ಕೂ ಬರಲಿಲ್ಲ. ಗೇಟಿನ ಆದಾಯ ಕುಸಿದು ಕ್ಲಬ್ಬುಗಳು ದಂಗೆಯೆದ್ದವು. ಎರಡು ಶನಿವಾರ ಕಳೆಯುವಷ್ಟರಲ್ಲಿ ಲೀಗ್ ಶರಣಾಯಿತು. ಅದೇ ವರ್ಷ ಪೂಲ್ಸ್ ನಿಷೇಧಿಸುವ ಖಾಸಗಿ ಸದಸ್ಯರ ಮಸೂದೆಯೊಂದು ಸಂಸತ್ತಿನಲ್ಲಿ ಹೀನಾಯವಾಗಿ ಬಿದ್ದುಹೋಯಿತು. ಅಷ್ಟೊಂದು ಮತದಾರರ ಮನೆಯ ಚಟುವಟಿಕೆಗೆ ಕೈಹಾಕುವ ಧೈರ್ಯ ಯಾವ ಪಕ್ಷಕ್ಕಿತ್ತು?

ಎರಡನೆಯ ಮಹಾಯುದ್ಧದಲ್ಲಿ ಕಂಪನಿಗಳು ಒಂದಾಗಿ ಯೂನಿಟಿ ಪೂಲ್ಸ್ ನಡೆಸಿದವು. ಕೂಪನ್ ತಾಳೆ ನೋಡಿ ಪಳಗಿದ್ದ ಕೈಗಳು ಸೆನ್ಸಾರ್ ಇಲಾಖೆಗಾಗಿ ಪತ್ರ ತೆರೆದು ಓದಿದವು. ಲಿಟಲ್‌ವುಡ್ಸ್ ಕಟ್ಟಡಗಳಲ್ಲಿ ಪ್ಯಾರಾಚೂಟ್‌ಗಳೂ ವಾಯುರಕ್ಷಣೆಯ ಬಲೂನುಗಳೂ ತಯಾರಾದವು.

ಪೂಲ್ಸ್ ಎಂದೊಡನೆ ಜನ ನೆನೆಯುವ ‘ಟ್ರೆಬಲ್ ಚಾನ್ಸ್’ ಬಂದದ್ದು ಯುದ್ಧದ ನಂತರ, 1946ರಲ್ಲಿ. ಐವತ್ತಕ್ಕೂ ಹೆಚ್ಚು ಪಂದ್ಯಗಳ ಪಟ್ಟಿಯಿಂದ ಎಂಟನ್ನು ಆರಿಸಿ ಎದುರಿಗೆ × ಗುರುತು ಹಾಕಬೇಕಿತ್ತು. ಡ್ರಾ ಆದ ಪಂದ್ಯಕ್ಕೆ 3 ಅಂಕ, ಪ್ರವಾಸಿ ತಂಡ ಗೆದ್ದರೆ 2, ತವರು ತಂಡ ಗೆದ್ದರೆ ಇನ್ನೂ ಕಡಿಮೆ. ಎಂಟೂ ಡ್ರಾ ಆದರೆ 24 ಅಂಕ, ಅದೇ ಗರಿಷ್ಠ. 54 ಪಂದ್ಯಗಳಿಂದ ಎಂಟನ್ನು ಆರಿಸುವ ಬಗೆಗಳು 104 ಕೋಟಿಗೂ ಹೆಚ್ಚು. ಹಾಗಾಗಿ ಅನುಭವಿಗಳು ಎಂಟಕ್ಕೆ ನಿಲ್ಲದೆ ಹತ್ತು ಪಂದ್ಯ ಗುರುತಿಸಿ, ಅವುಗಳಲ್ಲಿ ಯಾವ ಎಂಟಾದರೂ ಸರಿ ಎನ್ನುತ್ತಿದ್ದರು. ಇದಕ್ಕೆ ‘ಪರ್ಮ್’ ಎಂದು ಹೆಸರು. ಹತ್ತರಲ್ಲಿ ಎಂಟು ಎಂದರೆ 45 ಸಾಲು. ಸಾಲಿಗೆ ಒಂದು ಪೆನ್ನಿಯಂತೆ ಹಿಡಿದರೆ 3 ಶಿಲ್ಲಿಂಗ್ 9 ಪೆನ್ನಿ. ಇನ್ನೊಂದೇ ಪಂದ್ಯ ಸೇರಿಸಿ ಹನ್ನೊಂದು ಮಾಡಿದರೆ 165 ಸಾಲು, 13 ಶಿಲ್ಲಿಂಗ್ 9 ಪೆನ್ನಿ. ಶಾಲೆ ಬಿಟ್ಟು ಗಣಿಗೆ ಇಳಿದವರೂ ಈ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದರು.

ಇಡೀ ಆಟ ಡ್ರಾದ ಮೇಲೆ ನಿಂತದ್ದಕ್ಕೆ ಕಾರಣ ಫುಟ್‌ಬಾಲ್‌ನಲ್ಲೇ ಇದೆ. ಗೋಲು ವಿರಳವಾದ ಆಟದಲ್ಲಿ ಸರಿಸುಮಾರು ನಾಲ್ಕಕ್ಕೊಂದು ಪಂದ್ಯ ಸಮವಾಗುತ್ತದೆ. ತೀರಾ ಅಪರೂಪವಲ್ಲ, ಆದರೆ ಯಾವುದು ಎಂದು ಹೇಳುವುದು ಕಷ್ಟ. 1930ರಲ್ಲಿ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ರೂಪಿಸಿದ, ತಂಡಕ್ಕೆ ಐವರ ಒಳಾಂಗಣ ಫುಟ್ಸಾಲ್‌ನ ಮಾತೇ ಬೇರೆ. ಅಲ್ಲಿ ಗೋಲುಗಳು ಧಾರಾಳ, ಡ್ರಾಗಳು ಕಡಿಮೆ. ಫುಟ್ಸಾಲ್ ಬಾಜಿ ‘ಒಟ್ಟು ಗೋಲು ಎಷ್ಟು’ ಎಂಬ ಪ್ರಶ್ನೆಯ ಕಡೆ ವಾಲುವುದು ಅದಕ್ಕೇ.

1948ರಿಂದ ಸರ್ಕಾರವೂ ಪಾಲುದಾರನಾಯಿತು. ಮೊದಲು ಶೇ 10 ಇದ್ದ ಸುಂಕ ಏರುತ್ತ ಹೋಗಿ 1980ರ ದಶಕದಲ್ಲಿ ಶೇ 42.5 ಮುಟ್ಟಿತು, ಕಂಪನಿಯ ಖರ್ಚು ಲಾಭಗಳನ್ನೂ ಕಳೆದರೆ ಆಡಿದವರಿಗೆ ಬಹುಮಾನವಾಗಿ ಮರಳುತ್ತಿದ್ದುದು ಕಟ್ಟಿದ್ದರ ಅರ್ಧಕ್ಕೂ ಎಷ್ಟೋ ಕಡಿಮೆ. ಯಾವ ಬುಕಿಯೂ ಇಷ್ಟು ಕೆಟ್ಟ ದರ ಕೊಟ್ಟು ಬದುಕಲಾರ. ಫುಟ್‌ಬಾಲ್ ಲೀಗ್ ತನ್ನ ಹಠ ಬಿಟ್ಟು ನ್ಯಾಯಾಲಯದ ಬಾಗಿಲು ತಟ್ಟಿದ್ದು 1959ರಲ್ಲಿ. ಪಂದ್ಯಗಳ ಪಟ್ಟಿಗೂ ಹಕ್ಕುಸ್ವಾಮ್ಯವಿದೆ ಎಂದು ತೀರ್ಪು ಬಂತು. ಅಲ್ಲಿಂದ ಕಂಪನಿಗಳು ಪಟ್ಟಿ ಬಳಸಲು ವರ್ಷವರ್ಷ ಹಣ ತೆರಬೇಕಾಯಿತು. ಮರುವರ್ಷ ಮೂರ್ಸ್ ಎವರ್ಟನ್ ಕ್ಲಬ್‌ನ ಅಧ್ಯಕ್ಷನಾದ. ಅದಕ್ಕಾಗಿ ಪೂಲ್ಸ್‌ನ ಹುದ್ದೆಯನ್ನು ತಮ್ಮನಿಗೆ ಬಿಟ್ಟುಕೊಟ್ಟ.

ಪಂದ್ಯವೇ ನಡೆಯದಿದ್ದರೆ ಉದ್ಯಮ ಏನು ಮಾಡಬೇಕು? ಬೇಸಿಗೆಗೆ ಉತ್ತರ 1949ರಲ್ಲೇ ಸಿಕ್ಕಿತ್ತು. ಬ್ರಿಟನ್ನಿನಲ್ಲಿ ಆಟ ನಿಂತ ತಿಂಗಳುಗಳಲ್ಲಿ ಆಸ್ಟ್ರೇಲಿಯಾದ ಪಂದ್ಯಗಳನ್ನು ಕೂಪನ್‌ಗೆ ಏರಿಸಿದರು. ಯಾರ್ಕ್‌ಶೈರಿನ ಗಣಿಗಾರರು ಕಂಡು ಕೇಳರಿಯದ ಊರುಗಳ ತಂಡಗಳಿಗೆ × ಹಾಕುತ್ತ ಕೂತರು. ಚಳಿಗಾಲದ ಪ್ರಶ್ನೆ ಎದುರಾದದ್ದು 1962-63ರಲ್ಲಿ. ಮೈದಾನಗಳು ಹೆಪ್ಪುಗಟ್ಟಿ, ಎಫ್.ಎ. ಕಪ್‌ನ ಮೂರನೆಯ ಸುತ್ತೊಂದೇ ಮುಗಿಯಲು 66 ದಿನ ಹಿಡಿಯಿತು. ವಾರ ವಾರ ಕೂಪನ್ ರದ್ದಾಗಿ ಕಂಪನಿಗಳು ಕಂಗಾಲಾದವು. 1963ರ ಜನವರಿ 26ರಂದು ಲಂಡನ್ನಿನ ಕನಾಟ್ ರೂಮ್ಸ್‌ನಲ್ಲಿ ಒಂದು ಮಂಡಳಿ ಬಾಗಿಲು ಹಾಕಿಕೊಂಡು ಕೂತಿತು. ಅಧ್ಯಕ್ಷತೆ ಲಾರ್ಡ್ ಬ್ರಬಜಾನ್‌ನದು, ಸದಸ್ಯರು ಟಾಮ್ ಫಿನ್ನಿ, ಟಾಮಿ ಲಾಟನ್, ಟೆಡ್ ಡ್ರೇಕ್, ಜಾರ್ಜ್ ಯಂಗ್ ಎಂಬ ಮಾಜಿ ಆಟಗಾರರು ಮತ್ತು ರೆಫರಿ ಆರ್ಥರ್ ಎಲ್ಲಿಸ್. ನಡೆಯದ 38 ಪಂದ್ಯಗಳು ನಡೆದಿದ್ದರೆ ಏನಾಗುತ್ತಿತ್ತು ಎಂದು ಅವರು ಚರ್ಚಿಸಿ ತೀರ್ಮಾನಿಸಿದರು: ತವರು ತಂಡಗಳಿಗೆ 23 ಗೆಲುವು, ಪ್ರವಾಸಿಗಳಿಗೆ 8, ಡ್ರಾ 7. ಚೆಂಡು ಉರುಳದ ಆಟಕ್ಕೆ ಫಲಿತಾಂಶ, ಆ ಫಲಿತಾಂಶದ ಮೇಲೆ ಸಾವಿರಾರು ಪೌಂಡ್ ಬಟವಾಡೆ. ಜನ ನಕ್ಕರು, ಆದರೆ ಒಪ್ಪಿದರು.

ಶನಿವಾರ ಸಂಜೆ ಐದಕ್ಕೆ ಬಿಬಿಸಿ ರೇಡಿಯೊದಲ್ಲಿ ಫಲಿತಾಂಶ ಓದುವಾಗ ಮನೆಗಳಲ್ಲಿ ಮಾತು ನಿಲ್ಲುತ್ತಿತ್ತು. 1970ರ ದಶಕದಿಂದ ನಾಲ್ಕು ದಶಕ ಅದನ್ನು ಓದಿದ ಜೇಮ್ಸ್ ಅಲೆಕ್ಸಾಂಡರ್ ಗಾರ್ಡನ್, ಎರಡನೆಯ ತಂಡದ ಹೆಸರನ್ನು ಉಚ್ಚರಿಸುವ ಏರಿಳಿತದಲ್ಲೇ ಅದು ಗೆದ್ದಿತೋ ಸೋತಿತೋ ಸಮವಾಯಿತೋ ಎಂದು ತಿಳಿಸಿಬಿಡುತ್ತಿದ್ದ. ದೊಡ್ಡ ಬಹುಮಾನ ಬಂದವರಲ್ಲಿ ಹೆಚ್ಚು ಹೆಸರಾದವಳು ಕ್ಯಾಸಲ್‌ಫರ್ಡ್‌ನ ವಿವ್ ನಿಕಲ್ಸನ್. 1961ರಲ್ಲಿ ಗಣಿ ಕೆಲಸದ ಅವಳ ಗಂಡ ಕೀತ್‌ಗೆ 1,52,319 ಪೌಂಡ್ ಬಂತು. ಏನು ಮಾಡುವಿರಿ ಎಂದ ಪತ್ರಕರ್ತರಿಗೆ ಅವಳ ಉತ್ತರ, ‘ಖರ್ಚು, ಖರ್ಚು, ಖರ್ಚು’. ಹಾಗೆಯೇ ಮಾಡಿದಳು. ನಾಲ್ಕು ವರ್ಷದಲ್ಲಿ ಕೀತ್ ಕಾರು ಅಪಘಾತದಲ್ಲಿ ಸತ್ತ, ಹಣವೂ ಉಳಿಯಲಿಲ್ಲ. ಹೆಸರು ಬಯಲಾಗಬಾರದು ಎನ್ನುವವರಿಗೆ ಗುರುತು ಹಾಕಲು ಕೂಪನ್‌ನಲ್ಲೊಂದು ಚೌಕವಿರುತ್ತಿತ್ತು. ಗೆದ್ದವರಲ್ಲಿ ಎಷ್ಟೋ ಜನ ಅದನ್ನು ಬಳಸಿ ಸದ್ದಿಲ್ಲದೆ ಸಾಲ ತೀರಿಸಿಕೊಂಡರು. ಪತ್ರಿಕೆಗಳಿಗೆ ಅವರಿಂದ ಪ್ರಯೋಜನವಿರಲಿಲ್ಲ.

ಇದೇ ಹೊತ್ತಿಗೆ ಯುರೋಪಿನ ಬೇರೆ ದೇಶಗಳು ಪದ್ಧತಿಯನ್ನು ಸರ್ಕಾರದ ಕೈಗೆ ತೆಗೆದುಕೊಂಡಿದ್ದವು. ಸ್ವೀಡನ್ನಿನಲ್ಲಿ 1934ರಲ್ಲಿ, ಸ್ಪೇನಿನಲ್ಲಿ 1946ರಲ್ಲಿ ಅದು ಶುರುವಾಯಿತು. ಇಟಲಿಯಲ್ಲಿ ಪತ್ರಕರ್ತ ಮಾಸ್ಸಿಮೊ ದೆಲ್ಲಾ ಪೆರ್ಗೊಲಾ 1946ರ ಮೇ 5ರಂದು ಆರಂಭಿಸಿದ ಚೀಟಿಯನ್ನು ಎರಡು ವರ್ಷದಲ್ಲಿ ಅಲ್ಲಿನ ಸರ್ಕಾರ ಟೋಟೊಕಾಲ್ಚೊ ಎಂಬ ಹೆಸರಿನಲ್ಲಿ ವಶಪಡಿಸಿಕೊಂಡು ಕ್ರೀಡೆಗೆ ಹಣ ಒದಗಿಸಿತು. ಬ್ರಿಟನ್ನಿನಲ್ಲಿ ಅಂಥದ್ದೇನಾದರೂ ಆಗಲು ದುರಂತವೇ ಬೇಕಾಯಿತು. 1989ರಲ್ಲಿ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನಲ್ಲಿ 97 ಜನ ಸತ್ತರು. ಮರುವರ್ಷ ಸುಂಕವನ್ನು ಶೇ 40ಕ್ಕೆ ಇಳಿಸಿ, ಉಳಿಕೆಯನ್ನು ಮೈದಾನಗಳ ಸುಧಾರಣೆಗೆ ತಿರುಗಿಸಲಾಯಿತು.

ಜಾನ್ ಮೂರ್ಸ್ 1993ರಲ್ಲಿ 97ನೆಯ ವಯಸ್ಸಿನಲ್ಲಿ ತೀರಿಕೊಂಡ. ಮುಂದಿನ ವರ್ಷದ ನವೆಂಬರ್ 19ರಂದು ರಾಷ್ಟ್ರೀಯ ಲಾಟರಿಯ ಮೊದಲ ಡ್ರಾ ನಡೆಯಿತು. ಆರು ಅಂಕಿ ಆರಿಸಿದರೆ ಸಾಕು, ತಂಡಗಳ ಹೆಸರೂ ಗೊತ್ತಿರಬೇಕಿಲ್ಲ. ಚೀಟಿ ಪಕ್ಕದ ದಿನಸಿ ಅಂಗಡಿಯಲ್ಲೇ ಸಿಗುತ್ತಿತ್ತು, ಬಹುಮಾನವೂ ದೊಡ್ಡದು. ಪೂಲ್ಸ್ ಆಡುವವರು ಕೆಲವೇ ವರ್ಷಗಳಲ್ಲಿ ಬಹುಪಾಲು ಚದುರಿಹೋದರು, ಮನೆಮನೆಗೆ ಬಂದು ಕೂಪನ್ ಒಯ್ಯುತ್ತಿದ್ದ ಏಜೆಂಟರ ಸಂಪಾದನೆಯೂ ಹೋಯಿತು. ಮೂರ್ಸ್ ಕುಟುಂಬ 2000ದಲ್ಲಿ ಪೂಲ್ಸ್ ವ್ಯವಹಾರವನ್ನು ಮಾರಿತು. ಮುಂದೆ ಲಿಟಲ್‌ವುಡ್ಸ್, ವರ್ನನ್ಸ್, ಜೆಟರ್ಸ್ ಮೂರೂ ಒಂದೇ ಒಡೆತನಕ್ಕೆ ಸೇರಿ, ‘ಫುಟ್‌ಬಾಲ್ ಪೂಲ್ಸ್’ ಎಂಬ ಹೆಸರಿನಲ್ಲಿ ಮುಖ್ಯವಾಗಿ ಅಂತರ್ಜಾಲದಲ್ಲಿ ನಡೆಯತೊಡಗಿದವು.