ತುಂಗಭದ್ರಾ ಡ್ಯಾಂ: ಯಾರಿಗೂ ಕಾಣದ 71 ವರ್ಷ

ಹೊಸಪೇಟೆ ಬಳಿಯ ತುಂಗಭದ್ರಾ ಡ್ಯಾಂಗೆ ಅಡಿಗಲ್ಲು ಹಾಕಿದ್ದು 1945ರ ಫೆಬ್ರವರಿ 28ರಂದು. ಒಂದು ದಡ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ಹೈದರಾಬಾದ್ ನಿಜಾಮರದು. ಹಾಗಾಗಿ ಎರಡೂ ದಡದಲ್ಲಿ ಬೇರೆ ಬೇರೆ ಅಡಿಗಲ್ಲು.

ಕಲ್ಲು, ಸುರ್ಕಿ ಗಾರೆಯಿಂದ ಕಟ್ಟೆ ಏಳುವಷ್ಟರಲ್ಲಿ ಸ್ವಾತಂತ್ರ್ಯ ಬಂತು, ನಿಜಾಮರ ಆಳ್ವಿಕೆಯೂ ಮುಗಿಯಿತು. ನೀರು ಬಿಟ್ಟದ್ದು 1953ರಲ್ಲಿ. ಕಟ್ಟೆ ವರ್ಷ ವರ್ಷ ಏರುವುದು ದಡದ ಊರಿನವರಿಗೆ ಕಣ್ಣೆದುರೇ ಇತ್ತು. ಹಿನ್ನೀರಿನ ಹಳ್ಳಿಗಳವರು ಅದನ್ನು ನೋಡಿಯೇ ಊರು ಬಿಡುವ ದಿನ ಎಣಿಸಬೇಕಾಯಿತು. ದೂರದವರಿಗೆ ಇದ್ಯಾವುದೂ ಕಾಣಲಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಯಿತು, ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ನ ಐದು ತುಂಡು ಇಳಿಸಿ 17ರ ಹೊತ್ತಿಗೆ ಜಾಗ ಮುಚ್ಚಿದರು. ಕ್ರೇನು ಇಳಿಸುವುದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು.

ಕಟ್ಟಿದ್ದು ಕಂಡಿತು, ಮುರಿದದ್ದೂ ಕಂಡಿತು. ನಡುವಿನ 71 ವರ್ಷ? ಚೈನಿಗೆ ಗ್ರೀಸ್ ಹಚ್ಚುವ, ಸವೆತ ನೋಡುವ ಕೆಲಸಕ್ಕೆ ಅಡಿಗಲ್ಲಿಲ್ಲ, ರಿಬ್ಬನ್ನಿಲ್ಲ, ವಿಡಿಯೊ ಇಲ್ಲ. ಆದರೆ ಅದರ ಲೆಕ್ಕ ರೈತರ ತಲೆ ಮೇಲೆ ಬರುತ್ತದೆ. ಮರುವರ್ಷ, 2025ರಲ್ಲಿ, ಹಳೆಯ ಗೇಟುಗಳ ಭಯಕ್ಕೆ 105 ಟಿಎಂಸಿ ಹಿಡಿಯುವ ಡ್ಯಾಂನಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಲು ತೀರ್ಮಾನವಾಯಿತು.

ನಿಮ್ಮೂರಲ್ಲೂ ಕೆರೆ ತೂಬು, ನೀರಿನ ಟ್ಯಾಂಕು, ಸೇತುವೆ ಇರುತ್ತದೆ. ಕಾಮಗಾರಿ ಬೋರ್ಡಿನಲ್ಲಿ ಮುಗಿಯುವ ತಾರೀಕು ಓದಿ ಸುಮ್ಮನಾಗಬೇಡಿ. ಮುಗಿದ ಮೇಲೆ ನೋಡಿಕೊಳ್ಳುವವರು ಯಾರು, ಕೊನೆಯ ಸಲ ಯಾವಾಗ ನೋಡಿದರು ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.