ಭೇರೀವಾದನವೂ ಲಿಪಿಯೂ

ಭೇರಿಯನ್ನು ಬಾರಿಸುವುದಕ್ಕೆ ತೋಳಿನ ಬಲವೊಂದಿದ್ದರೆ ಸಾಕು, ವಿದ್ಯೆಯೇನೂ ಬೇಕಾಗಿಲ್ಲವೆಂಬ ಅಭಿಪ್ರಾಯವು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುತ್ತದೆ. ವೈಣಿಕನಿಗೆ ಮಣೆ ಹಾಕುವ ಗೃಹಸ್ಥರೇ ನಗಾರಿಯವನನ್ನು ಅಂಗಳದಿಂದಾಚೆ ನಿಲ್ಲಿಸಿ ಕಳುಹಿಸುವುದುಂಟು. ಈ ಅಭಿಪ್ರಾಯವು ಶಾಸ್ತ್ರಕ್ಕಾಗಲಿ ಚರಿತ್ರೆಗಾಗಲಿ ಸಮ್ಮತವಲ್ಲವೆಂಬುದನ್ನು ವಾಚಕರಲ್ಲಿ ನಿವೇದಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ನಮ್ಮ ಸೀಮೆಯ ಮಾತನ್ನೇ ತೆಗೆದುಕೊಳ್ಳೋಣ. ದಾವಣಗೆರೆ, ಹರಿಹರಗಳ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ಅಚ್ಚಾಗಿವೆ. ಅವುಗಳಲ್ಲಿ ಉಚ್ಚಂಗಿಯ ಪಾಂಡ್ಯರ ಬಿರುದುಗಳ ನಡುವೆ ‘ಸಮಧಿಗತಪಂಚಮಹಾಶಬ್ದ’ ಎಂಬುದನ್ನು ಕಾಣುತ್ತೇವೆ. ಐದು ಮಹಾವಾದ್ಯಗಳ ಘೋಷದ ಮರ್ಯಾದೆಯನ್ನು ಹೊಂದಿದವನೆಂದು ಇದರ ತಾತ್ಪರ್ಯ. ಆ ಐದು ಯಾವುವೆಂದರೆ, ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯ ಮೇರೆಗೆ, ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳು. ಸಾಮಂತನು ತನ್ನ ಮನೆಯ ಬಾಗಿಲಲ್ಲಿ ಇವನ್ನು ಮನಬಂದಂತೆ ಬಾರಿಸಿಕೊಳ್ಳುವಂತಿರಲಿಲ್ಲ. ಮೇಲಣ ದೊರೆಯ ಅನುಗ್ರಹ ಬೇಕಾಗಿದ್ದಿತು. ಹೀಗೆ ಬಿರುದಿನಲ್ಲಿ ಭೇರಿಗೆ ಸ್ಥಾನವುಂಟು. ಅದನ್ನು ಬಾರಿಸಿದವನ ಹೆಸರು ಮಾತ್ರ ಆ ಬಿರುದಿನ ಸಾಲಿನಲ್ಲಿ ಇಲ್ಲ.

ಭರತಮುನಿಯಾದರೋ ಚರ್ಮವಾದ್ಯಗಳಿಗೆ ಒಂದು ದೊಡ್ಡ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸ್ವಾತಿಯೆಂಬ ಋಷಿಯು ಕೊಳದ ತಾವರೆಯೆಲೆಗಳ ಮೇಲೆ ಮಳೆಯ ಹನಿ ಬಿದ್ದಾಗ ಹಿರಿದು, ನಡುವಣದು, ಕಿರಿದು ಎಲೆಗಳಿಂದ ಹೊರಟ ಬೇರೆಬೇರೆ ನಾದಗಳನ್ನು ಕೇಳಿ ಪುಷ್ಕರವಾದ್ಯವನ್ನು ಕಲ್ಪಿಸಿದನೆಂಬ ಸೊಗಸಾದ ಕಥೆ ಅಲ್ಲಿದೆ. ಅದಕ್ಕಿಂತ ಮುಖ್ಯವಾದುದು ‘ಮಾರ್ಜನಾ’ ಎಂಬ ಪ್ರಕರಣ. ಹೊಳೆಯ ದಡದ ಕರಿಮಣ್ಣನ್ನು ಚರ್ಮಕ್ಕೆ ಲೇಪಿಸಿ, ಮಾಯೂರೀ, ಅರ್ಧಮಾಯೂರೀ, ಕಾರ್ಮಾರವೀ ಎಂಬ ಮೂರು ಕ್ರಮಗಳಲ್ಲಿ ಒಂದೊಂದು ಮುಖವನ್ನೂ ಒಂದೊಂದು ಸ್ವರಕ್ಕೆ ಕೂಡಿಸಬೇಕೆಂದು ಮುನಿಯ ಮತ. ಪಾಠಶಾಲೆಯಲ್ಲಿ ನಾವು ಓದುವಾಗ ಪರೀಕ್ಷೆಗೆ ಬಾರದೆಂಬ ಕಾರಣದಿಂದ ಈ ಭಾಗವನ್ನು ದಾಟಿಸಿಬಿಟ್ಟರು. ನಲವತ್ತು ವರ್ಷದ ಮೇಲೆ ನಾನೇ ಅದನ್ನು ಬಿಡಿಸಿ ಓದಿದಾಗ, ಚರ್ಮವಾದ್ಯವನ್ನು ಸ್ವರಕ್ಕೆ ಕೂಡಿಸುವ ಇದೇ ಚಿಂತೆಯನ್ನು ಹೊತ್ತ ಇನ್ನೊಬ್ಬ ವಾದಕನು ಲೋಕದಲ್ಲಿರುವನೆಂಬುದು ತಿಳಿಯಿತು. ಅವನು ಪಾಶ್ಚಾತ್ಯ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ನಿಲ್ಲುವ ಟಿಂಪನಿಯವನು.

ಟಿಂಪನಿಯೆಂದರೆ ತಾಮ್ರದ ಕೊಪ್ಪರಿಗೆಗೆ ಚರ್ಮವನ್ನು ಬಿಗಿದುದು. ನಮ್ಮ ನಗಾರಿಯ ದಾಯಾದಿ. ನಗಾರಿಯೆಂಬ ಮಾತೇ ಅರಬ್ಬಿಯ ‘ನಕ್ಕಾರಾ’ ಶಬ್ದದಿಂದ ಬಂದುದು. ಅದೇ ವಾದ್ಯವು 13ನೆಯ ಶತಮಾನದಲ್ಲಿ ಧರ್ಮಯುದ್ಧಗಳ ದಾರಿಯಿಂದ ಯೂರೋಪನ್ನು ಸೇರಿತು. 1457ರಲ್ಲಿ ಹಂಗೆರಿಯ ರಾಯಭಾರವು ಫ್ರಾನ್ಸಿಗೆ ಹೋದಾಗ ಕುದುರೆಯ ಮೇಲೆ ಹೇರಿದ ದೊಡ್ಡ ನಗಾರಿಗಳು ಅಲ್ಲಿಯವರನ್ನು ಬೆರಗುಗೊಳಿಸಿದವು. ವಿರ್ಡುಂಗನೆಂಬ ಪಾದ್ರಿಯು 1511ರ ತನ್ನ ಗ್ರಂಥದಲ್ಲಿ ಇವು ವೃದ್ಧರಿಗೂ ರೋಗಿಗಳಿಗೂ ಪೀಡೆಯೆಂದು ಬೈದಿದ್ದಾನೆ. ನಮ್ಮ ಬೀದಿಯಲ್ಲಿಯೂ ಅವನ ಶಿಷ್ಯರುಂಟು! 1623ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನೆಂಡನು ತುತ್ತೂರಿಯವರಿಗೂ ನಗಾರಿಯವರಿಗೂ ಸಂಘದ ಸನ್ನದನ್ನು ದಯಪಾಲಿಸಿದನು. ನಮ್ಮ ಪಂಚಮಹಾಶಬ್ದದಂತೆ ಅಲ್ಲಿಯೂ ಅದು ರಾಜಮರ್ಯಾದೆಯ ವಾದ್ಯವೇ. ಆ ಸಂಘದವರು ವಿದ್ಯೆಯನ್ನು ಬಾಯಿಂದ ಬಾಯಿಗೆ ಗುಟ್ಟಾಗಿ ಉಳಿಸಿಕೊಂಡರು.

ವಾದ್ಯವೃಂದಗಳು ಬೆಳೆದಂತೆಲ್ಲ ಟಿಂಪನಿಯ ಪೆಟ್ಟುಗಳು ಕಾಗದದ ಮೇಲೆ ಇಳಿದವು. ಇಲ್ಲಿಯೇ ವಿಚಾರವು ಸ್ವಾರಸ್ಯವಾಗುವುದು. ಬರೆದುಕೊಟ್ಟ ಮೇಲೆ ಬಾರಿಸುವವನಿಗೆ ಯೋಚಿಸುವ ಕೆಲಸವಿಲ್ಲವೆಂದು ತೋರಬಹುದು, ಹಾಗಲ್ಲ. ಹೈಡನ್ನನ 103ನೆಯ ಸಿಂಫನಿಯು (1795) ಟಿಂಪನಿಯ ಉರುಳುನಾದವೊಂದರಿಂದಲೇ ಮೊದಲಾಗುತ್ತದೆ. ಅದು ಘೋರವಾಗಿರಬೇಕೆ, ಮಂದವಾಗಿರಬೇಕೆ ಎಂಬುದನ್ನು ಆತನ ಹಸ್ತಪ್ರತಿ ಸೂಚಿಸುವುದಿಲ್ಲ. ಕೆಲವರು ಗುಡುಗಿನಿಂದ ಹೊರಟು ಅಡಗಿಸುತ್ತಾರೆ. ಕೆಲವರು ಅಡಗಿದ್ದುದನ್ನು ಏರಿಸಿ ಇಳಿಸುತ್ತಾರೆ. ಮತ್ತೆ ಕೆಲವರು ಅಲ್ಲಿ ಸ್ವಂತ ಕಲ್ಪನೆಯಿಂದ ಪುಟ್ಟ ತನಿಯನ್ನೇ ಬಾರಿಸುತ್ತಾರೆ. ಬೀಥೋವನ್ನನ ಪಿಟೀಲು ಕನ್ಚೆರ್ಟೋ (1806) ಟಿಂಪನಿಯ ನಾಲ್ಕು ಮೆಲುಪೆಟ್ಟುಗಳಿಂದ ಆರಂಭವಾಗುತ್ತದೆ, ಐದನೆಯದರೊಡನೆ ಇತರ ವಾದ್ಯಗಳು ಸೇರುತ್ತವೆ. ಮುಂದಿನ ಇಪ್ಪತ್ತು ಮೂವತ್ತು ನಿಮಿಷದ ಮನೋಧರ್ಮವು ಆ ನಾಲ್ಕು ಪೆಟ್ಟುಗಳಲ್ಲಿದೆ.

ಇನ್ನೊಂದು ತೊಡಕು. ಆ ಕಾಲದಲ್ಲಿ ಸಾಮಾನ್ಯವಾಗಿ ಇದ್ದುದು ಎರಡೇ ನಗಾರಿ, ಒಂದು ಷಡ್ಜಕ್ಕೆ, ಮತ್ತೊಂದು ಪಂಚಮಕ್ಕೆ. ಸಂಗೀತವು ಬೇರೆ ಶ್ರುತಿಗೆ ಹಾಯ್ದಾಗ ಕೃತಿಕಾರನು ನಗಾರಿಯನ್ನು ಸುಮ್ಮನಿರಿಸಬೇಕಾಗಿತ್ತು, ಇಲ್ಲವೆ ಹೊಂದದ ಸ್ವರವನ್ನೇ ಒಪ್ಪಿಕೊಳ್ಳಬೇಕಾಗಿತ್ತು. ತುಳಿದು ಶ್ರುತಿ ಬದಲಿಸುವ ಟಿಂಪನಿಯು 1881ರಲ್ಲಿ ಡ್ರೆಸ್ಡನ್ನಿನಲ್ಲಿ ಸಿದ್ಧವಾದ ಮೇಲೆ, ಹಳೆಯ ಸ್ವರವನ್ನು ತಿದ್ದಬಹುದೆ ಕೂಡದೆ ಎಂಬ ವಾದವು ಹುಟ್ಟಿತು. ಪಾಠಾಂತರದ ಜಗಳವನ್ನು ಬಲ್ಲ ನಮ್ಮ ಪಂಡಿತರಿಗೆ ಇದು ಹೊಸತಲ್ಲ. ನನ್ನ ಮಟ್ಟಿಗೆ, ತಿದ್ದದಿರುವುದೇ ಮೇಲು. ಬರವಣಿಗೆಯಲ್ಲಿ ಪೆಟ್ಟು ಎಲ್ಲಿ ಬೀಳಬೇಕೆಂಬುದಿದೆ; ತಾಮ್ರದೊಳಗೆ ಸುಳಿಯುವ ನಾದವನ್ನು ಬೆರಳಿಟ್ಟು ಯಾವಾಗ ನಿಲ್ಲಿಸಬೇಕೆಂಬುದು ಬಹುಮಟ್ಟಿಗೆ ಬಾರಿಸುವವನ ವಿವೇಕಕ್ಕೆ ಬಿಟ್ಟದ್ದು. ಬೆರ್ಲಿಯೋಜನು ಸ್ಪಂಜಿನ ತಲೆಯ ಕೋಲನ್ನೇ ಹಿಡಿಯಬೇಕೆಂದು ಬರೆದಿಟ್ಟನು. ಅವನಿಗೆ ಮುಂಚಿನವರು ಕೋಲಿನ ವಿಷಯವನ್ನು ಬರೆದುದೇ ಅಪರೂಪ.

ಈ ಎರಡು ಮಾರ್ಗಗಳೂ ಮೈಸೂರಿನ ಅರಮನೆಯಲ್ಲಿ ಅಕ್ಕಪಕ್ಕದಲ್ಲಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರು ಕರ್ನಾಟಕ ವಾದ್ಯವೃಂದವನ್ನೂ ಪಾಶ್ಚಾತ್ಯ ವಾದ್ಯವೃಂದವನ್ನೂ ಪೋಷಿಸಿ, ಎರಡನೆಯದಕ್ಕೆ ಆಟೋ ಶ್ಮಿಟ್ ಎಂಬ ಜರ್ಮನ್ ವಿದ್ವಾಂಸರನ್ನು ಕರೆಸಿಕೊಂಡರು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯ ಸಂಗೀತಸಭೆಗೆ ಮೊದಲ ಅಧ್ಯಕ್ಷರಾದರು. ಸಂಸ್ಥಾನವು ವಿಲೀನವಾದ ತರುವಾಯ ಆ ಪರಂಪರೆಯು ರಾಜ್ಯ ಪೊಲೀಸಿನ ಕರ್ನಾಟಕ ಮತ್ತು ಆಂಗ್ಲ ವಾದ್ಯವೃಂದಗಳಲ್ಲಿ ಉಳಿದಿದೆ. ದಸರೆಯ ಮೆರವಣಿಗೆಯಲ್ಲಿ ನೌಪತ್ ಆನೆಯ ಮೇಲೆ ನಗಾರಿ, ಕೆಳಗೆ ಲಿಪಿಯನ್ನು ಓದಬಲ್ಲ ಬ್ಯಾಂಡಿನವರು.

ನಮ್ಮಲ್ಲಿ ಲಿಪಿಯಿಲ್ಲದ್ದೂ ದೋಷವಲ್ಲ, ವಾದಕನು ಇರುವ ತನಕ. ಈಗ ಅನೇಕ ದೇವಾಲಯಗಳಲ್ಲಿ ಗುಂಡಿಯೊತ್ತಿದರೆ ಮೋಟಾರು ತಿರುಗಿ ನಗಾರಿ, ಜಾಗಟೆ, ಘಂಟೆಗಳು ಒಟ್ಟಿಗೆ ಮೊಳಗುತ್ತವೆ. ಮಂಗಳಾರತಿಯನ್ನು ಎತ್ತಿದಾಗಲೂ ಇಳಿಸಿದಾಗಲೂ ಅದರ ಪೆಟ್ಟು ಒಂದೇ.

ನಮ್ಮ ವಿನೋಬನಗರದ ಬೀದಿಗೆ ನಂದಿಕೋಲಿನೊಡನೆ ಸಮಾಳ ಬಾರಿಸುತ್ತ ಬಂದ ವೃದ್ಧರೊಬ್ಬರನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಈ ಪೆಟ್ಟುಗಳನ್ನು ಯಾರಾದರೂ ಬರೆದುಕೊಂಡಿರುವರೆ ಎಂದು ಕೇಳಿದೆನು. “ಅಪ್ಪ ಬಾರಿಸಿದಂಗೆ ನಾ ಬಾರಸ್ತೀನ್ರೀ ಮೇಷ್ಟ್ರೇ, ಬರ್ಕಳಾಕೆ ಏನೈತ್ರಿ ಇದ್ರಾಗೆ?” ಎಂದರು. ಮಗನು ಬೆಂಗಳೂರಿನಲ್ಲಿ ಕಾರು ನಡೆಸುತ್ತಾನಂತೆ, ಸಮಾಳವನ್ನು ಮುಟ್ಟಿಲ್ಲ. ಕೋಲನ್ನೆತ್ತುವಾಗಿನ ಗತಿ, ನಡೆಯುವಾಗಿನದು, ಬಾಗಿಲ ಮುಂದೆ ನಿಂತಾಗಿನದು ಎಂದು ಮೂರನ್ನು ಬಾಯಲ್ಲಿ ಹೇಳಿದರು. ನಾನು ಸೊಲ್ಲುಗಳಾಗಿ ಬರೆದುಕೊಂಡೆನು. ನಾಲ್ಕನೆಯದು ಬಾಯಿಗೆ ಬರಲಿಲ್ಲ. ಎರಡು ಬಾರಿ ತೊಡೆಯ ಮೇಲೆ ಬಡಿದು ನೋಡಿ, ವಾದ್ಯವನ್ನು ಕೊರಳಿಗೆ ಹಾಕಿಕೊಂಡರಲ್ಲದೆ ಅದು ಬರುವುದಿಲ್ಲವೆಂದೂ, ಕಾರ್ತಿಕದಲ್ಲಿ ಹೊಸ ಚರ್ಮ ಬಿಗಿಸಿದ ಮೇಲೆ ತಾವೇ ಬಂದು ಬಾರಿಸಿ ತೋರಿಸುವುದಾಗಿಯೂ ಹೇಳಿ ಎದ್ದರು. ಪುಸ್ತಕದಲ್ಲಿ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ.