ಮುಂಬಯಿಯ ಉಪನಗರದ ರೈಲುದಾರಿಗಳು

ಮುಂಬಯಿಯ ಬಂದರಿನ ಬದಿಯಲ್ಲಿ ಹೋಗುವ ರೈಲುದಾರಿಯಲ್ಲಿ ಕಾಟನ್ ಗ್ರೀನ್ ಎಂಬುದೊಂದು ನಿಲ್ದಾಣವುಂಟು. ಹೆಸರನ್ನು ನಂಬಿ ಅಲ್ಲಿ ಇಳಿದವರು ಹತ್ತಿಯ ರಾಶಿಯನ್ನಾಗಲಿ ಹಸುರು ಬಯಲನ್ನಾಗಲಿ ಹುಡುಕಿದರೆ ಕಾಣಲಾರರು. ಕೊಲಾಬಾದ ಕಡಲ ತಡಿಯಲ್ಲಿ ನಡೆಯುತ್ತಿದ್ದ ಹತ್ತಿಯ ವ್ಯಾಪಾರವನ್ನು ೧೯೨೦ರ ದಶಕದಲ್ಲಿ ಶಿವಡಿಯ ಈ ನೆಲಕ್ಕೆ ತಂದರು. ವ್ಯಾಪಾರದ ಹಿಂದೆಯೇ ಹೆಸರೂ ಬಂದಿತು. ಆ ವ್ಯಾಪಾರವು ಅಡಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಹಲಗೆಯ ಮೇಲೆ ನಿಂತಿದೆ. ಅದರ ಕೆಳಗೆ ದಿನವೂ ಸಾವಿರಾರು ಮಂದಿ ಗಾಡಿಯನ್ನು ಹತ್ತಿ ಇಳಿಯುತ್ತಾರೆ. ಈ ಶ್ಲೇಷೆ ನಾವು ಬೇಕೆಂದು ತಂದದ್ದಲ್ಲ, ಭಾಷೆಯೇ ಒದಗಿಸಿದ್ದು. ಆದರೆ ಇಂದು ನಾವು ಹೇಳಬೇಕೆಂದಿರುವುದರ ಹುರುಳೆಲ್ಲ ಅದರಲ್ಲಿಯೇ ಇದೆ. ಈ ದಾರಿಗಳನ್ನು ಹಾಕಿದವರ ಕಣ್ಣೆದುರಿಗೆ ಇದ್ದದ್ದು ಹತ್ತಿ. ಕಚೇರಿಗೆ ಹೋಗುವ ಮನುಷ್ಯನು ಆ ಮೇಲೆ ಬಂದವನು, ಕರೆಯದೆ ಬಂದವನು.

೧೮೪೦ರ ದಶಕದಲ್ಲಿ ಮ್ಯಾಂಚೆಸ್ಟರಿನ ಬಟ್ಟೆಯ ವ್ಯಾಪಾರಿಗಳಿಗೆ ಅಮೆರಿಕದ ಹತ್ತಿಯೊಂದನ್ನೇ ನೆಚ್ಚಿಕೊಂಡಿರುವುದು ಅಪಾಯವೆಂದು ತೋರಿತು. ಹಿಂದೂಸ್ಥಾನದ ಒಳನಾಡಿನಲ್ಲಿ ಹತ್ತಿಗೆ ಕೊರತೆಯಿರಲಿಲ್ಲ, ಅದು ಕಡಲಿಗೆ ಬರುವ ಹಾದಿ ದುರ್ಗಮವಾಗಿದ್ದಿತು. ನಮ್ಮ ಧಾರವಾಡದ ಸೀಮೆಯ ಹತ್ತಿಯನ್ನೇ ನೋಡಬಹುದು. ಅದು ಘಟ್ಟವನ್ನಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು; ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಬೆಳೆದ ಊರಿನ ಹೆಸರು ತಪ್ಪಿ, ಹಡಗನ್ನೇರಿದ ಊರಿನ ಹೆಸರಾಗಿ ‘ಕುಮಟಾ’ ಎಂದೇ ರೂಢಿಯಾಯಿತು. ಇಂತಹ ಹತ್ತಿಯನ್ನು ನೆಲದ ಮೇಲೆಯೇ ಬಂದರಿಗೆ ತರಬೇಕೆಂಬ ಆಸೆಯೇ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯ ಬೆನ್ನಿಗಿದ್ದ ಬಲ. ೧೮೪೯ರಲ್ಲಿ ಆ ಕಂಪೆನಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ಒಪ್ಪಂದವಾಯಿತು. ಹಾಕಿದ ಬಂಡವಾಳಕ್ಕೆ ನೂರಕ್ಕೆ ೫ರಂತೆ ಆದಾಯದ ಭರವಸೆ. ಗಾಡಿ ಲಾಭ ತರದಿದ್ದರೆ ಆ ಹಣ ಈ ದೇಶದ ಬೊಕ್ಕಸದಿಂದ. ಮುಂಬಯಿಯ ನಾಗರಿಕರಲ್ಲಿ ಜಗನ್ನಾಥ ಶಂಕರಶೇಟರು, ಜಮ್ಶೇಟ್‌ಜಿ ಜೀಜೀಭಾಯಿಯವರು ಮೊದಲಿಂದಲೂ ಈ ಉದ್ಯಮಕ್ಕೆ ಬೆಂಬಲವಾಗಿ ನಿಂತವರು.

೧೮೫೩ನೆಯ ಇಸವಿ ಏಪ್ರಿಲ್ ೧೬ನೆಯ ದಿನ, ಶನಿವಾರ, ಅಪರಾಹ್ನ ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಹೊರಟಿತು. ೧೪ ಡಬ್ಬಿಗಳು, ಸುಮಾರು ೪೦೦ ಅತಿಥಿಗಳು, ೨೧ ತೋಪುಗಳ ಗೌರವ. ದೂರ ೨೧ ಮೈಲಿ. ಗಾಡಿಯನ್ನೆಳೆದ ಮೂರು ಯಂತ್ರಗಳಿಗೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಹೆಸರುಗಳನ್ನು ಹೇಳುವುದು ವಾಡಿಕೆ. ಮರುವರ್ಷ ಹಳಿಗಳು ಕಲ್ಯಾಣಕ್ಕೆ ತಲುಪಿದುವು. ಅಲ್ಲಿ ದಾರಿ ಕವಲಾಗುವುದು. ಒಂದು ಕವಲು ಕರ್ಜತಿನ ಮಾರ್ಗವಾಗಿ ಭೋರ್ ಘಾಟಿನತ್ತ, ಇನ್ನೊಂದು ಕಸಾರೆಯ ಮಾರ್ಗವಾಗಿ ಥಳ್ ಘಾಟಿನತ್ತ. ೧೮೬೩ರಲ್ಲಿ ಮೊದಲನೆಯ ಘಟ್ಟವನ್ನೂ ೧೮೬೫ರಲ್ಲಿ ಎರಡನೆಯದನ್ನೂ ಗಾಡಿ ಏರಿತು. ಭೋರ್ ಘಾಟನ್ನೇರಿದ ದಾರಿಯೇ ೧೮೭೧ರಲ್ಲಿ ನಮ್ಮ ರಾಯಚೂರಿಗೆ ಬಂದು ಮದರಾಸಿನ ದಾರಿಯೊಡನೆ ಕೂಡಿತು. ಇಂದು ಸಂಜೆ ಕರ್ಜತಿಗೆ ಮರಳುವ ಗುಮಾಸ್ತೆಯು ಕುಳಿತಿರುವುದು, ಅಥವಾ ಹೆಚ್ಚಾಗಿ ನಿಂತಿರುವುದು, ಈ ದಖ್ಖನಿನ ಹತ್ತಿಯ ದಾರಿಯ ಮೇಲೆಯೇ.

ಪಶ್ಚಿಮದ ಕಡಲಂಚಿನ ದಾರಿಯ ಕಥೆಯೂ ಇದೇ ಜಾತಿಯದು. ಬಾಂಬೆ, ಬರೋಡಾ ಮತ್ತು ಸೆಂಟ್ರಲ್ ಇಂಡಿಯಾ ಎಂಬ ಉದ್ದ ಹೆಸರಿನ ಕಂಪೆನಿಯವರು ಗುಜರಾತಿನ ಕಡೆಯಿಂದ ಕೆಲಸವನ್ನಾರಂಭಿಸಿ, ೧೮೬೪ರಲ್ಲಿ ಮುಂಬಯಿಯ ಗ್ರಾಂಟ್ ರೋಡಿಗೆ ಬಂದರು. ಅದು ಅಮೆರಿಕದ ಅಂತರ್ಯುದ್ಧದ ಕಾಲ. ಅಲ್ಲಿನ ಹತ್ತಿ ನಿಂತುಹೋಗಿ ಮುಂಬಯಿಯಲ್ಲಿ ಹೊನ್ನಿನ ಮಳೆ ಸುರಿಯಿತು. ಕಡಲನ್ನೇ ತುಂಬಿ ನೆಲ ಮಾಡಿ ಮಾರುವ ಕಂಪೆನಿಗಳು ಹುಟ್ಟಿದುವು. ೧೮೬೫ರಲ್ಲಿ ಯುದ್ಧ ಮುಗಿಯುತ್ತಲೆ ಅವು ದಿವಾಳಿಯೆದ್ದುವು. ಹೀಗೆ ಅಳಿದುಳಿದ ಬ್ಯಾಕ್‌ಬೇಯ ಕಿರಿದಾದ ನೆಲದ ಪಟ್ಟಿಯ ಮೇಲೆಯೇ ರೈಲು ಮುಂದೆ ದಕ್ಷಿಣಕ್ಕೆ ಸಾಗಿತು. ೧೮೭೦ರಲ್ಲಿ ಚರ್ಚ್‌ಗೇಟ್ ನಿಲ್ದಾಣವಾಯಿತು. ಅನಂತರ ಗಾಡಿ ಕೊಲಾಬಾವನ್ನು ಸೇರಿತು, ಹತ್ತಿಯ ಬಳಿಗೆ.

ಈ ನಡುವೆ, ೧೮೬೭ರ ಏಪ್ರಿಲ್ ೧೨ರಂದು, ಸದ್ದಿಲ್ಲದೆ ಒಂದು ಸಂಗತಿ ನಡೆಯಿತು. ವಿರಾರದಿಂದ ಬ್ಯಾಕ್‌ಬೇಗೆ ದಿನಕ್ಕೊಂದು ಗಾಡಿ, ಮರಳಿ ಒಂದು ಗಾಡಿ ಎಂದು ಗೊತ್ತುಮಾಡಿದರು. ತೋಪು ಹಾರಿಸಲಿಲ್ಲ. ಉಪನಗರದಿಂದ ಬಂದು, ಕೆಲಸ ಮುಗಿಸಿ, ಸಂಜೆ ಮನೆಗೆ ಮರಳುವ ಮನುಷ್ಯನಿಗಾಗಿ ಓಡಿದ ಗಾಡಿಗಳಲ್ಲಿ ಇದೇ ಮೊದಲಿನವುಗಳಲ್ಲಿ ಒಂದು. ಇತಿಹಾಸದ ಪಾಠಗಳು ೧೮೫೩ನ್ನು ನೆನೆಯುತ್ತವೆ. ಮುಂಬಯಿಯ ಮಟ್ಟಿಗೆ ೧೮೬೭ ಅದಕ್ಕಿಂತ ಕಡಮೆಯ ವರ್ಷವಲ್ಲವೆಂದು ನಮ್ಮ ಎಣಿಕೆ.

ಊರಿನ ಆಕಾರವೂ ಇದಕ್ಕೆ ಒದಗಿಬಂದಿತು. ಏಳು ದ್ವೀಪಗಳನ್ನು ಕೂಡಿಸಿ ಮಾಡಿದ ಮುಂಬಯಿ ತೆಂಕಬಡಗಾಗಿ ಚಾಚಿದ ನಾಲಗೆಯಂತಿದೆ. ಕಚೇರಿಗಳೂ ಬಂದರೂ ನಾಲಗೆಯ ತುದಿಯಲ್ಲಿ. ಬೆಳೆಯಲು ಇರುವ ಜಾಗವೆಲ್ಲ ಬಡಗಲಿಗೆ. ೧೮೯೬ರಲ್ಲಿ ಪ್ಲೇಗ್ ಬಂದು ಊರಿನ ಇಕ್ಕಟ್ಟಾದ ಕೇರಿಗಳನ್ನು ಹೊಕ್ಕಿತು. ೧೮೯೮ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ದಾದರ್, ಮಾಟುಂಗಾಗಳಲ್ಲಿ ಅಗಲವಾದ ಬೀದಿಗಳನ್ನು ಹಾಕಿ ಹೊಸ ಬಡಾವಣೆಗಳನ್ನೆಬ್ಬಿಸಿದರು. ಮಾಟುಂಗಾದಲ್ಲಿ ಬಂದು ನೆಲಸಿದವರಲ್ಲಿ ದಕ್ಷಿಣದವರೇ ಬಹಳ. ಮೈಸೂರು ಅಸೋಸಿಯೇಷನ್ ೧೯೨೬ರಲ್ಲಿ ಹುಟ್ಟಿತು. ೧೯೪೨ರಲ್ಲಿ ರಾಮ ನಾಯಕರು ಮಾಟುಂಗಾ ನಿಲ್ದಾಣದ ಬಳಿಯಲ್ಲಿಯೇ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಧಾರವಾಡ, ಕಾರವಾರಗಳು ೧೯೫೬ರ ವರೆಗೆ ಮುಂಬಯಿಯ ಆಡಳಿತಕ್ಕೇ ಸೇರಿದ್ದುದರಿಂದ ಅಲ್ಲಿನ ಓದಿದ ಹುಡುಗರಿಗೆ ಈ ನಗರವೇ ರಾಜಧಾನಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರಿಗೆ ಕೊನೆಯ ಲೋಕಲ್ ಗಾಡಿಯ ವೇಳೆ ಪಂಚಾಂಗದಷ್ಟೇ ಮುಖ್ಯವಾಗಿದ್ದಿತು. ಯಶವಂತ ಚಿತ್ತಾಲರ, ಜಯಂತ ಕಾಯ್ಕಿಣಿಯವರ ಕಥೆಗಳನ್ನೋದಿದ ಕೇಳುಗರಿಗೆ ಈ ನಗರವನ್ನು ಹೆಚ್ಚು ಪರಿಚಯ ಮಾಡಿಕೊಡಬೇಕಾಗಿಲ್ಲ.

ಉಗಿಯಂತ್ರವು ದೂರದ ಊರಿಗೆ ಸರಿ. ಒಂದೊಂದು ಮೈಲಿಗೆ ನಿಲ್ಲಬೇಕಾದ ಗಾಡಿಗೆ ಸರಿಯಲ್ಲ. ಅದು ವೇಗ ಹಿಡಿಯುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದುಬಿಡುವುದು. ಕೊನೆಯ ನಿಲ್ದಾಣದಲ್ಲಿ ಯಂತ್ರವನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟುವ ತೊಡಕು ಬೇರೆ. ೧೯೨೫ರ ಫೆಬ್ರುವರಿ ೩ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಬಂದರಿನ ದಾರಿಯಲ್ಲಿ ವಿದ್ಯುತ್ತಿನ ಗಾಡಿ ಓಡಿತು. ಈ ದೇಶದಲ್ಲಿ ಅದೇ ಮೊದಲನೆಯದು. ಎರಡು ತುದಿಗಳಲ್ಲಿಯೂ ಚಾಲಕನ ಕೋಣೆಯಿದ್ದುದರಿಂದ ಬಂದ ಗಾಡಿ ಬಂದ ಹಾಗೆಯೇ ಹಿಂದಿರುಗಬಲ್ಲುದಾಯಿತು. ೧೯೨೮ರ ಜನವರಿಯಲ್ಲಿ ಕೊಲಾಬಾದಿಂದ ಬೋರಿವಲಿಯ ವರೆಗೂ ವಿದ್ಯುತ್ತು ಬಂದಿತು. ಆಗಿನ ಗಾಡಿಗೆ ನಾಲ್ಕೇ ಡಬ್ಬಿಗಳು; ಈಗ ೧೨, ಕೆಲವಕ್ಕೆ ೧೫. ಕೊಲಾಬಾ ನಿಲ್ದಾಣ ಮಾತ್ರ ಬಹುಕಾಲ ಉಳಿಯಲಿಲ್ಲ. ೧೯೩೦ರ ಕೊನೆಯ ದಿನ ಅದನ್ನು ಮುಚ್ಚಿದರು. ಅಂದಿನಿಂದ ಚರ್ಚ್‌ಗೇಟೇ ಕೊನೆ.

ಉಳಿದುದನ್ನು ಬೇಗ ಹೇಳಿಬಿಡುವೆವು. ೧೯೫೧ರಲ್ಲಿ ಹಳೆಯ ಕಂಪೆನಿಗಳ ದಾರಿಗಳು ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎಂದು ಹೊಸ ಹೆಸರನ್ನು ತಳೆದುವು. ೧೯೯೨ರಲ್ಲಿ ಬಂದರಿನ ದಾರಿ ಠಾಣೆಯ ಕಡಲತೋಳನ್ನು ದಾಟಿ ವಾಶಿಗೆ ಹೋಯಿತು. ಮುಂದೆ ಪನವೇಲಿಗೂ ಹೋಯಿತು. ೨೦೧೩ರಿಂದ ಪಶ್ಚಿಮದ ಲೋಕಲ್‌ಗಳು ಡಹಾಣೂ ರೋಡಿನ ವರೆಗೆ ಓಡುತ್ತಿವೆ. ೨೦೨೪ರ ಜನವರಿಯಲ್ಲಿ ಗಾಡಿ ಉರಣವನ್ನು ಮುಟ್ಟಿತು. ೧೯೯೨ರ ಮೇ ತಿಂಗಳಲ್ಲಿ ಚರ್ಚ್‌ಗೇಟಿನಿಂದ ಹೆಂಗಸರಿಗಾಗಿಯೇ ಒಂದಿಡೀ ಗಾಡಿ ಹೊರಟದ್ದನ್ನು ಮಾತ್ರ ಬಿಡಲಾಗದು. ೧೮೬೭ರಲ್ಲಿ ಯಾರೂ ಊಹಿಸದ ಪ್ರಯಾಣಿಕಳು ಅವಳು.

ನಾವು ಹೆಚ್ಚು ನಿಲ್ಲಬೇಕೆಂದಿರುವುದು ಇನ್ನೊಂದೆಡೆಯಲ್ಲಿ. ಪರೇಲ್ ಎಂಬುದು ಮಧ್ಯ ರೈಲ್ವೆಯ ನಿಲ್ದಾಣ. ಅದಕ್ಕೆ ಅಂಟಿಕೊಂಡಂತೆಯೇ ಪಶ್ಚಿಮ ರೈಲ್ವೆಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ. ಮುಂಬಯಿಯ ಹಿಂದಿನ ಗವರ್ನರನೊಬ್ಬನ ಹೆಸರು ಅದಕ್ಕೆ. ಎರಡು ಕಂಪೆನಿಗಳು ಬೇರೆ ಬೇರೆಯಾಗಿ ಹಾಕಿದ ದಾರಿಗಳಾದುದರಿಂದ ಎರಡು ನಿಲ್ದಾಣಗಳು, ಎರಡು ಆಡಳಿತಗಳು, ನಡುವೆ ಒಂದು ಕಾಲುಸೇತುವೆ. ಸುತ್ತಲೂ ಬಟ್ಟೆಯ ಗಿರಣಿಗಳಿದ್ದುವು. ಗಿರಣಿಯ ಕೂಲಿಗಳು ಅಲ್ಲಿಯೇ ಚಾಳುಗಳಲ್ಲಿ ವಾಸಿಸಿ, ಭೋಂಗಾ ಕೂಗಿದರೆ ನಡೆದು ಕೆಲಸಕ್ಕೆ ಹೋಗುವವರು. ರೈಲಿನ ಗೊಡವೆ ಅವರಲ್ಲಿ ಬಹುಮಂದಿಗೆ ಇರಲಿಲ್ಲ. ೧೯೮೨ರ ಮಹಾಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಆ ನೆಲದ ಮೇಲೆ ಗಾಜಿನ ಗೋಡೆಗಳ ಕಚೇರಿಗಳೆದ್ದುವು. ಕಚೇರಿಯವರು ಅಲ್ಲಿ ವಾಸಿಸುವವರಲ್ಲ. ಅವರೆಲ್ಲ ವಿರಾರದಿಂದ, ಡೊಂಬಿವಲಿಯಿಂದ ಗಾಡಿಯಲ್ಲಿ ಬರತಕ್ಕವರು. ಹತ್ತಿಯ ಊರು ಕಾಗದಪತ್ರದ ಊರಾಯಿತು. ಸೇತುವೆ ಮಾತ್ರ ಇದ್ದಷ್ಟೇ ಅಗಲವಾಗಿ ಉಳಿಯಿತು.

೨೦೧೭ರ ಸೆಪ್ಟೆಂಬರ್ ೨೯, ಮಹಾನವಮಿ. ನಮ್ಮ ಮನೆಗಳಲ್ಲಿ ಆಯುಧಪೂಜೆಗೆ ಹೂವು ತರುವ ಹೊತ್ತು. ಅಲ್ಲಿ ಜೋರಾದ ಮಳೆ. ಇಳಿದವರು ನೆನೆಯಲಾರದೆ ಸೇತುವೆಯ ಮೆಟ್ಟಿಲ ಮೇಲೆಯೇ ನಿಂತರು. ಹಿಂದಿನ ಗಾಡಿಗಳು ಜನರನ್ನು ಇಳಿಸುತ್ತಲೇ ಇದ್ದುವು. ನೂಕುನುಗ್ಗಲಿನಲ್ಲಿ ೨೩ ಮಂದಿ ಉಸಿರುಕಟ್ಟಿ, ತುಳಿತಕ್ಕೆ ಸಿಕ್ಕಿ ಸತ್ತರು. ಅಗಲವಾದ ಹೊಸ ಸೇತುವೆಗೆ ಮಂಜೂರಾತಿ ಮೊದಲೇ ದೊರೆತಿತ್ತು, ಎದ್ದಿರಲಿಲ್ಲ. ಆ ಮೇಲೆ ಸೈನ್ಯದವರನ್ನು ಕರೆಸಿದರು. ಅವರು ಕೆಲವು ತಿಂಗಳುಗಳಲ್ಲಿ ಕಟ್ಟಿದ ಸೇತುವೆ ೨೦೧೮ರ ಫೆಬ್ರುವರಿಯಲ್ಲಿ ಬಳಕೆಗೆ ಬಂದಿತು. ಅದೇ ವರ್ಷ ಎಲ್ಫಿನ್‌ಸ್ಟನ್ ರೋಡ್ ಎಂಬ ಹೆಸರೂ ಹೋಗಿ ಪ್ರಭಾದೇವಿ ಎಂದಾಯಿತು.

ಇದನ್ನು ಒಂದು ದಿನದ ಅಪಘಾತವೆಂದು ನಾವು ಎಣಿಸುವುದಿಲ್ಲ. ೨೦೨೦ರ ಸಾಂಕ್ರಾಮಿಕಕ್ಕೆ ಮುಂಚೆ ಈ ದಾರಿಗಳಲ್ಲಿ ದಿನಕ್ಕೆ ಸುಮಾರು ೭೫ ಲಕ್ಷ ಜನ ಓಡಾಡುತ್ತಿದ್ದರು. ದಟ್ಟಣೆಯ ಹೊತ್ತಿನಲ್ಲಿ ಒಂದು ಚದರ ಮೀಟರಿನಷ್ಟು ನೆಲದಲ್ಲಿ ೧೪ರಿಂದ ೧೬ ಜನ ನಿಲ್ಲುತ್ತಾರೆಂದು ರೈಲ್ವೆಯವರದೇ ಲೆಕ್ಕ. ಅದಕ್ಕೊಂದು ಪಾರಿಭಾಷಿಕ ಪದವನ್ನೂ ಅವರು ಮಾಡಿಕೊಂಡಿದ್ದಾರೆ. ಮೂವರ ಬೆಂಚಿನಲ್ಲಿ ಸರಿದು ನಾಲ್ಕನೆಯವನಿಗೆ ಅಂಚಿನ ಜಾಗ ಕೊಡುವುದು ಅಲ್ಲಿನ ಸಹಜ ಧರ್ಮ. ಹಳಿಯನ್ನು ದಾಟುವಾಗ, ಬಾಗಿಲಿನಿಂದ ಬಿದ್ದು, ಹೀಗೆ ನಾನಾ ಬಗೆಯಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಈ ದಾರಿಗಳಲ್ಲಿ ಸಾಯುತ್ತ ಬಂದಿದ್ದಾರೆ. ೨೦೦೬ರ ಜುಲೈ ೧೧ರ ಸಂಜೆ ಪಶ್ಚಿಮದ ಗಾಡಿಗಳಲ್ಲಿ ಏಳು ಬಾಂಬುಗಳು ಸಿಡಿದು ೧೮೦ಕ್ಕೂ ಮೇಲ್ಪಟ್ಟು ಜನ ಮಡಿದರು; ಮರುದಿನ ಬೆಳಗ್ಗೆ ಜನ ಅದೇ ದಾರಿಯಲ್ಲಿ ಕೆಲಸಕ್ಕೆ ಹೋದರು. ಇದನ್ನು ನಗರದ ಧೈರ್ಯವೆಂದು ಹೊಗಳುವುದುಂಟು. ಬೇರೆ ದಾರಿ ಇರಲಿಲ್ಲವೆಂಬ ಮಾತೂ ಅಷ್ಟೇ ನಿಜ. ಲೆಕ್ಕಪತ್ರದಲ್ಲಿ ಈ ಪ್ರಯಾಣಿಕನು ಇಂದಿಗೂ ನಷ್ಟದ ಬಾಬು, ಏಕೆಂದರೆ ಅವನ ತಿಂಗಳ ಪಾಸಿನ ಹಣ ಅವನನ್ನು ಸಾಗಿಸುವ ವೆಚ್ಚಕ್ಕೆ ಸಾಲದು. ಆದರೆ ಅವನನ್ನು ಸಾಗಿಸದಿದ್ದರೆ ನಗರಕ್ಕೆ ಆಗುವ ನಷ್ಟವನ್ನು ಬರೆಯಲು ಆ ಪುಸ್ತಕದಲ್ಲಿ ಕಲಮೇ ಇಲ್ಲ. ೨೦೨೦ರ ಮಾರ್ಚಿಯಲ್ಲಿ ಗಾಡಿಗಳು ನಿಂತು, ೨೦೨೧ರ ಫೆಬ್ರುವರಿ ೧ರ ವರೆಗೆ ಸಾಮಾನ್ಯ ಜನಕ್ಕೆ ಬಾಗಿಲು ಮುಚ್ಚಿದ್ದಾಗ ಆ ಲೆಕ್ಕ ಎಲ್ಲರಿಗೂ ಕಂಡಿತು.

ಬಾಗಿಲಿನ ಮಾತು ಬಂದಿತು. ಈ ಗಾಡಿಗಳಿಗೆ ೧೯೨೫ರಿಂದಲೂ ತೆರೆದ ಬಾಗಿಲೇ. ಅರ್ಧ ನಿಮಿಷದಲ್ಲಿ ನೂರಾರು ಜನ ಹತ್ತಿಳಿಯಬೇಕು, ಸೆಕೆಯಲ್ಲಿ ಗಾಳಿಯೂ ಬೇಕು. ೨೦೧೭ರ ಡಿಸೆಂಬರ್ ೨೫ರಂದು ಬೋರಿವಲಿಯಿಂದ ಓಡತೊಡಗಿದ ಹವಾನಿಯಂತ್ರಿತ ಗಾಡಿಗೆ ತಾನಾಗಿ ಮುಚ್ಚುವ ಬಾಗಿಲಿದೆ. ಅದರ ದರವೂ ಹೆಚ್ಚು. ೨೦೨೫ರ ಜೂನ್ ೯ರ ಬೆಳಗ್ಗೆ ಮುಂಬ್ರಾದ ತಿರುವಿನಲ್ಲಿ, ಎದುರುಬದುರಾಗಿ ಹೋಗುತ್ತಿದ್ದ ಎರಡು ಗಾಡಿಗಳ ಬಾಗಿಲಲ್ಲಿ ತೂಗುತ್ತಿದ್ದವರು ಒಬ್ಬರಿಗೊಬ್ಬರು ತಗುಲಿ ಹಳಿಗೆ ಬಿದ್ದರು. ಅಂದೇ ನಾಲ್ವರು ಸತ್ತರು. ಅದಾದ ಮೇಲೆ ಸಾಮಾನ್ಯ ಗಾಡಿಗಳಿಗೂ ಮುಚ್ಚುವ ಬಾಗಿಲನ್ನು ಹಾಕುವುದಾಗಿ ರೈಲ್ವೆಯವರು ಸಾರಿದರು. ಮುಚ್ಚಿದರೆ ಒಳಗಿನವರಿಗೆ ಗಾಳಿ ಎಲ್ಲಿಂದ ಎಂಬುದು ಇಂಜಿನಿಯರುಗಳ ಮುಂದೆ ನಿಂತ ತೊಡಕು. ಬಾಗಿಲ ಹಲಗೆಯಲ್ಲಿ ಸೀಳುಗಳನ್ನು ಬಿಡುವುದು, ಛಾವಣಿಯಿಂದ ಗಾಳಿಯನ್ನು ಊದುವುದು, ಡಬ್ಬಿಯಿಂದ ಡಬ್ಬಿಗೆ ಒಳಗಿನಿಂದಲೇ ನಡೆದು ಹೋಗುವ ಹಾಗೆ ಮಾಡುವುದು, ಇವು ಅವರು ಸೂಚಿಸಿದ ಉಪಾಯಗಳು. ಈ ತಿರುವು ಇರುವುದು ಠಾಣೆಗೂ ಕಲ್ಯಾಣಕ್ಕೂ ನಡುವೆ, ೧೮೫೪ರಲ್ಲಿ ಬೆಟ್ಟದ ಮಗ್ಗುಲನ್ನು ಬಳಸಿ ಮೊದಲ ಹಳಿಗಳನ್ನು ಹಾಕಿದ ಸೀಮೆಯಲ್ಲಿ.